ಸಿಂಹಗಡದ ಗಾಳಿಯಲ್ಲಿ ಒಂದು ಸ್ಪ್ರೇ ಡಬ್ಬಿ

ಪುಣೆಯಲ್ಲಿದ್ದು ಸಿಂಹಗಡ ಹತ್ತದವನನ್ನು ಪುಣೆಯವನು ಅಂತ ಇಲ್ಲಿ ಯಾರೂ ಒಪ್ಪುವುದಿಲ್ಲ. ನಾನು ಬಾಗಲಕೋಟೆಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದುಕೊಂಡು ಈ ಊರಿಗೆ ಬಂದದ್ದು 1984ರಲ್ಲಿ. ಬಂದ ಮೊದಲ ಭಾನುವಾರವೇ ಜೊತೆಗಾರರು ಅತ್ಕರವಾಡಿಯ ಕಡೆಯಿಂದ ಗಡ ಹತ್ತಿಸಿದ್ದರು. ಈಗ ಮೊಣಕಾಲು ಒಪ್ಪುವುದಿಲ್ಲ, ಕಾರಿನಲ್ಲೇ ಮೇಲೆ ಹೋಗುವುದು. ಆದರೂ ಊರಿಂದ ಯಾರು ಬಂದರೂ ಸಿಂಹಗಡದ ಪಿಠಲ-ಭಾಕರಿ ತಿನ್ನಿಸದೆ ಕಳಿಸುವುದಿಲ್ಲ. (ನಮ್ಮ ಕಡೆಯವರಿಗೆ ಅದು ಝುಣಕ-ರೊಟ್ಟಿಯೇ. ಆದರೆ ಗಾಳಿಗೆ ಕೂತು, ಮಡಕೆ ಮೊಸರಿನ ಜೊತೆ ತಿನ್ನುವಾಗ ರುಚಿ ಬೇರೆ.)

ಕೆಲವು ವರ್ಷದ ಹಿಂದೆ ನಮ್ಮಣ್ಣನ ಮಗಳು ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿ ಗಂಡ-ಮಗನ ಜೊತೆ ಪುಣೆಗೆ ಬಂದಳು. ಮಗನಿಗೆ ಆಗ ಆರು ವರ್ಷ, ಚಳಿಗಾಲದಲ್ಲಿ ಉಬ್ಬಸ ಬರುವ ಹುಡುಗ. ಏಪ್ರಿಲ್‌ನ ಒಂದು ರವಿವಾರ ಎಲ್ಲರೂ ಗಡಕ್ಕೆ ಹೋದೆವು. ಹತ್ತೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಅವಳು ಚೀಲದಿಂದ ಒಂದು ಉದ್ದ ಡಬ್ಬಿ ತೆಗೆದಳು. ಅಮೆರಿಕದಿಂದ ಬಂದ ಗೆಳತಿ ಕೊಟ್ಟ ಸನ್‌ಸ್ಕ್ರೀನ್ ಸ್ಪ್ರೇ.

"ಕಾಕಾ, ಇದನ್ನ ತಿಕ್ಕೂದು ಬ್ಯಾಡ, ಕೈ ಜಿಡ್ಡ ಆಗೂದಿಲ್ಲ. ಬುಸ್ ಅಂತ ಹೊಡದ್ರ ಮುಗೀತು ನೋಡ್ರಿ."

ಹೊಡೆದಳು. ಗಡದ ಮೇಲಿನ ಗಾಳಿ ಗೊತ್ತಲ್ಲ ನಿಮಗೆ, ಟೋಪಿ ನಿಲ್ಲುವುದಿಲ್ಲ. ಅರ್ಧ ಮಂಜು ನನ್ನ ಕನ್ನಡಕದ ಮೇಲೆ ಬಂತು, ಉಳಿದದ್ದು ಹುಡುಗನ ಬಾಯಿಗೆ. ಅವನು ಕೆಮ್ಮಲು ಶುರು ಮಾಡಿದ, ನಿಲ್ಲಲೇ ಇಲ್ಲ. ಅವನಪ್ಪ ಇನ್‌ಹೇಲರ್ ಹುಡುಕುತ್ತಿದ್ದಾಗ ಇವಳು ಗಾಳಿಗೆ ಬೆನ್ನು ಕೊಟ್ಟು, ಮರೆ ಇದ್ದ ಕಡೆಗೆ ಸರಿದು ತನ್ನ ತೋಳಿಗೆ ಇನ್ನೊಮ್ಮೆ ಹೊಡೆಯಲು ಹೋದಳು. ಆ ಮರೆ ಎಂದರೆ ಭಾಕರಿ ತಟ್ಟುವ ಹೆಂಗಸಿನ ಸೌದೆ ಒಲೆ. "ಓ ತಾಈ, ಚುಲೀಜವಳ ನಕೋ!" ಅಂತ ಆಕೆ ಕೂಗಿದ ರಭಸಕ್ಕೆ ಇವಳ ಕೈಯಿಂದ ಡಬ್ಬಿ ಬಿದ್ದು ಉರುಳಿತು. ಒಲೆ ಹತ್ತಿರ ಬೇಡ ಅಂತ. ಆ ತಾಯಿ ಡಬ್ಬಿಯ ಮೇಲಿನ ಇಂಗ್ಲಿಷ್ ಎಚ್ಚರಿಕೆ ಓದಿದವಳಲ್ಲ. ಬುಸ್ ಅಂದದ್ದು ಕೇಳಿಯೇ ಗ್ಯಾಸ್ ಅಂತ ಗೊತ್ತುಮಾಡಿಕೊಂಡಿದ್ದಳು.

ಏನೂ ಆಗಲಿಲ್ಲ. ಎರಡು ಪಫ್ ಇನ್‌ಹೇಲರ್‌ಗೆ ಹುಡುಗ ಸುಧಾರಿಸಿದ, ಪಿಠಲ-ಭಾಕರಿಯನ್ನೂ ತಿಂದ. ಇಳಿಯುವಾಗ ಡಬ್ಬಿ ನನ್ನ ಕೈಯಲ್ಲಿತ್ತು, ತಿರುಗಿಸಿ ತಿರುಗಿಸಿ ಓದಿದೆ. ಬಿಸಿಲಿನಿಂದ ಕಾಪಾಡುವ ಔಷಧವೇ ಆದರೆ ಬೆಂಕಿ, ಉಸಿರು, ಬಿಸಿಲು ಮೂರಕ್ಕೂ ದೂರವಿಡಿ ಅಂತ ಅದರ ಮೇಲೇ ಯಾಕೆ ಬರೆದಿದೆ? (ಹೌದು, ಡಬ್ಬಿಯನ್ನು ಬಿಸಿಲಲ್ಲಿಡಬೇಡಿ ಅಂತಲೂ ಇತ್ತು!) ನಿವೃತ್ತನಿಗೆ ಬೇರೆ ಕೆಲಸ ಏನು? ಕೆಲವು ವಾರ ಅದರ ಹಿಂದೆ ಬಿದ್ದೆ. ಸಿಕ್ಕದ್ದು ಸನ್‌ಸ್ಕ್ರೀನಿನ ಕಥೆಗಿಂತ ಡಬ್ಬಿಯ ಕಥೆ. ಅದರ ಒಂದು ಎಳೆ ನಮ್ಮ ಪುಣೆಯ ಶಿವಾಜಿನಗರದ ಮೂಲಕವೂ ಹೋಗುತ್ತದೆ ಅಂತ ಮೊದಲು ಅಂದುಕೊಂಡಿರಲಿಲ್ಲ.

ಮೊದಲು ಇಲ್ಲಿಯ ಬಿಸಿಲಿನ ಮಾತು. ಪುಣೆ ಇರುವುದು ಸುಮಾರು ಹದಿನೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 13ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ, ನಿಂತವನ ನೆರಳು ಅವನ ಕಾಲಡಿಗೇ ಬೀಳುತ್ತದೆ. ಬೆಂಗಳೂರಿನಲ್ಲಿ ಇದೇ ಏಪ್ರಿಲ್ 24ರ ಹೊತ್ತಿಗೆ. ಅತಿನೇರಳೆ ಕಿರಣ ಅಳೆಯುವ ಸೂಚ್ಯಂಕದಲ್ಲಿ 11ರಿಂದ ಮೇಲಕ್ಕೆ 'ತೀವ್ರಾತಿತೀವ್ರ'. ನಮ್ಮ ಬೇಸಿಗೆ ಮಧ್ಯಾಹ್ನಗಳು ಆ ಗೆರೆ ದಾಟುವುದು ಮಾಮೂಲು. ಇನ್ನು ಎತ್ತರಕ್ಕೆ ಹೋದಷ್ಟೂ ಕಿರಣ ಹೆಚ್ಚು, ಸಾವಿರ ಮೀಟರಿಗೆ ಶೇಕಡಾ ಹತ್ತರ ಲೆಕ್ಕ. ಪುಣೆ ಸುಮಾರು 560 ಮೀಟರ್, ಸಿಂಹಗಡ 1300ರ ಆಸುಪಾಸು. ಮೇಲೆ ತಂಗಾಳಿ ಬೀಸುವುದರಿಂದ ಬಿಸಿಲು ಕಡಿಮೆ ಅನಿಸುತ್ತದೆ, ಆದರೆ ಚರ್ಮಕ್ಕೆ ಬೀಳುವುದು ಜಾಸ್ತಿ.

ಈ ಬಿಸಿಲಿಗೆ ಪುಣೆಯ ಹೆಣ್ಣುಮಕ್ಕಳು ಕಂಡುಕೊಂಡ ಉತ್ತರ ದೇಶಕ್ಕೇ ಪ್ರಸಿದ್ಧ. ಕಣ್ಣಷ್ಟೇ ಬಿಟ್ಟು ಮುಖ ತಲೆಗೆಲ್ಲ ಸುತ್ತಿದ ಸ್ಕಾರ್ಫು, ಮೊಣಕೈ ದಾಟುವ ಕೈಗವಸು. ಹೊಸದಾಗಿ ಬಂದ ಕನ್ನಡಿಗರು ಇದೇನು ಡಕಾಯಿತರ ಊರೇ ಅಂತ ಹೆದರಿದ್ದನ್ನು ನಾನೇ ನೋಡಿದ್ದೇನೆ. ಇದು ಎರಡು ಗಾಲಿಯ ಕೊಡುಗೆ. ಪುಣೆಯ ಕೈನೆಟಿಕ್ ಕಂಪನಿ 1972ರಲ್ಲಿ ಲೂನಾ ತಂದಿತು, 1984ರಲ್ಲಿ ಗೇರಿಲ್ಲದ ಕೈನೆಟಿಕ್ ಹೋಂಡಾ ಬಂತು. ಸೈಕಲ್ಲಿನ ಊರಿನಲ್ಲಿ ಹೆಂಗಸರು ದಿನಾ ಹದಿನೈದು ಇಪ್ಪತ್ತು ಕಿಲೋಮೀಟರ್ ಬಿಸಿಲಲ್ಲಿ ಓಡಾಡುವಂತಾಯಿತು. ನನ್ನ ಹೆಂಡತಿ ಕೋಥ್ರೂಡಿನಿಂದ ಕ್ಯಾಂಪಿಗೆ ವರ್ಷಗಟ್ಟಲೆ ಲೂನಾದಲ್ಲಿ ಹೋಗಿ ಬಂದಳು, ತುಳಶೀಬಾಗಿನಲ್ಲಿ ಕೊಂಡ ಹತ್ತಿಯ ಓಢಣಿ ಸುತ್ತಿಕೊಂಡು. ಅದರ ಶಕ್ತಿಯೂ ಅಷ್ಟಕ್ಕಷ್ಟೆ ಅನ್ನಿ. ತೆಳು ಬಿಳಿ ಹತ್ತಿ ಬಟ್ಟೆ ತಡೆಯುವುದು ಏಳರಲ್ಲಿ ಆರು ಪಾಲಿನಷ್ಟು, ಬೆವರಿಗೆ ಒದ್ದೆಯಾದರೆ ಇನ್ನೂ ಕಡಿಮೆ. ದಟ್ಟ ಬಣ್ಣದ, ಒತ್ತು ನೇಯ್ಗೆಯದಾದರೆ ವಾಸಿ. ಆದರೆ ಬಟ್ಟೆಗೆ ಒಂದು ಗುಣ ಇದೆ: ಎಲ್ಲಿ ಮುಚ್ಚಿದೆ, ಎಲ್ಲಿ ಇಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ಹಚ್ಚಿಕೊಳ್ಳುವ ಔಷಧ ಹುಟ್ಟಿದ್ದು ಬೆಳ್ಳಗಿನ ಜನರಿಗಾಗಿ. 1920-30ರ ದಶಕಗಳಲ್ಲಿ ಅಮೆರಿಕ, ಆಸ್ಟ್ರೇಲಿಯ, ಫ್ರಾನ್ಸ್‌ಗಳಲ್ಲಿ ಬೇರೆ ಬೇರೆಯವರು ಪ್ರಯತ್ನ ಮಾಡಿದ್ದಾರೆ. ನನಗೆ ಹಿಡಿಸಿದ್ದು ಇಬ್ಬರ ಕಥೆ. ಒಬ್ಬ ಅಮೆರಿಕದ ಮಯಾಮಿಯ ಔಷಧ ವ್ಯಾಪಾರಿ ಬೆಂಜಮಿನ್ ಗ್ರೀನ್. ಎರಡನೇ ಮಹಾಯುದ್ಧದಲ್ಲಿ ವಿಮಾನದವರು ಬಿಸಿಲಿಗೆ ಸುಡಬಾರದೆಂದು ಕೆಂಪು ಬಣ್ಣದ, ದನಕರುಗಳ ಮದ್ದಿಗೆ ಬಳಸುತ್ತಿದ್ದ ವ್ಯಾಸಲೀನಿನಂಥ ಜಿಡ್ಡು ಹಚ್ಚಿಸುತ್ತಿದ್ದರಂತೆ. ಅದನ್ನು ತಿದ್ದಿ ತೀಡಿ ಅವನು ಮಾಡಿದ ಕ್ರೀಮೇ ಮುಂದೆ ಕಾಪರ್‌ಟೋನ್ ಆಯಿತು. ಇನ್ನೊಬ್ಬ ಆಸ್ಟ್ರಿಯಾದ ಫ್ರಾಂಜ್ ಗ್ರೈಟರ್. ವಿದ್ಯಾರ್ಥಿಯಾಗಿದ್ದಾಗ 1938ರಲ್ಲಿ ಪೀಟ್ಸ್ ಬುಯಿನ್ ಅನ್ನುವ ಹಿಮಪರ್ವತ ಹತ್ತಿ ಮೈಯೆಲ್ಲ ಸುಟ್ಟುಕೊಂಡು ಬಂದವನು, 1946ರಲ್ಲಿ ಅದೇ ಬೆಟ್ಟದ ಹೆಸರಿನಲ್ಲಿ ಕ್ರೀಮು ಮಾರಿದ. ಈಗ ಎಲ್ಲ ಡಬ್ಬಿಗಳ ಮೇಲಿರುವ ಎಸ್‌ಪಿಎಫ್ ಎಂಬ ಅಳತೆಯನ್ನು 1974ರಲ್ಲಿ ಚಾಲ್ತಿಗೆ ತಂದವನೂ ಇವನೇ.

ನಮಗೆ ಇವೆಲ್ಲ ಗೊತ್ತಾದದ್ದು ಟಿವಿಯ ಕ್ರಿಕೆಟ್‌ನಿಂದ. ಆ್ಯಲನ್ ಡೊನಾಲ್ಡ್ ಮುಖಕ್ಕೆ ಬಿಳಿ ಬಳಿದುಕೊಂಡು ಓಡಿ ಬರುತ್ತಿದ್ದುದು ನೆನಪಿದೆಯಲ್ಲ? ಅದು ಸತುವಿನ ಭಸ್ಮ, ಜಿಂಕ್ ಆಕ್ಸೈಡ್. ನಮ್ಮ ಮನೆಯಲ್ಲಿ ಎಲ್ಲರೂ ನಕ್ಕಿದ್ದೆವು. ಆದರೆ ತಮಾಷೆ ನೋಡಿ, ಅಷ್ಟೊತ್ತಿಗೆ ನಮ್ಮ ಕನ್ನಡಿಯ ಮುಂದೆಯೂ ಗೊತ್ತಿಲ್ಲದೆ ಸನ್‌ಸ್ಕ್ರೀನ್ ಬಂದು ಕೂತಿತ್ತು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿಯಲ್ಲಿ (2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು) ಒಂದು ಬಿ ವಿಟಮಿನ್ನಿನ ಜೊತೆ ಬಿಸಿಲು ತಡೆಯುವ ರಾಸಾಯನಿಕಗಳೂ ಇದ್ದವು. ಅವರು ಕ್ಯಾನ್ಸರಿಗೆ ಹೆದರಿ ಹಚ್ಚಿದರು, ನಾವು ಕಪ್ಪಾಗುವುದಕ್ಕೆ ಹೆದರಿ ಹಚ್ಚಿದೆವು.

ಈಗ ಡಬ್ಬಿಯ ಕಥೆ. ಇದೇ ನನ್ನನ್ನು ರಾತ್ರಿ ಎಚ್ಚರ ಇಟ್ಟದ್ದು.

ಅನಿಲದ ಒತ್ತಡದಿಂದ ದ್ರವವನ್ನು ಹನಿ ಹನಿಯಾಗಿ ಹಾರಿಸುವ ಉಪಾಯ ನಾರ್ವೆಯ ಎರಿಕ್ ರೊಥೈಮ್ ಎಂಬ ಇಂಜಿನಿಯರನದು, 1920ರ ದಶಕದ ಕೊನೆಯದು. ಅದು ಜಗತ್ತಿಗೆಲ್ಲ ಹರಡಿದ್ದು ಯುದ್ಧದಿಂದ. ಪೆಸಿಫಿಕ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರನ್ನು ಶತ್ರುವಿಗಿಂತ ಸೊಳ್ಳೆ ಹೆಚ್ಚು ಕಾಡುತ್ತಿತ್ತು. ಅಲ್ಲಿನ ಕೃಷಿ ಇಲಾಖೆಯ ಲೈಲ್ ಗುಡ್‌ಹ್ಯೂ ಮತ್ತು ವಿಲಿಯಂ ಸಲಿವನ್ ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಕೀಟನಾಶಕಕ್ಕೆ ಎಳ್ಳೆಣ್ಣೆ ಬೆರೆಸಿ, ಫ್ರಿಯಾನ್ ಅನಿಲದ ಜೊತೆ ಉಕ್ಕಿನ ಡಬ್ಬಿಯಲ್ಲಿ ತುಂಬಿದರು. 1943ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಎಳ್ಳೆಣ್ಣೆ! ನಮ್ಮಜ್ಜಿ ಇದ್ದಿದ್ದರೆ 'ಎಣ್ಣಿ ಹಚ್ಚಬೇಕಪ್ಪಾ, ಹಾರಿಸೂದಲ್ಲ' ಅನ್ನುತ್ತಿದ್ದಳು. ಕೋಟಿಗಟ್ಟಲೆ ಡಬ್ಬಿಗಳು ಸೈನಿಕರಿಗೆ ಹೋದವು. ಯುದ್ಧ ಮುಗಿದ ಮೇಲೆ ರಾಬರ್ಟ್ ಆಬ್‌ಪ್ಲಾನಾಲ್ಪ್ ಎಂಬವನು ಅಗ್ಗದ, ಸೋರದ ಕವಾಟ ಮಾಡಿ 1953ರಲ್ಲಿ ಪೇಟೆಂಟ್ ಪಡೆದ. ಅಲ್ಲಿಂದ ಕೂದಲಿಗೆ, ಕಂಕುಳಿಗೆ, ಗೋಡೆಗೆ, ಎಲ್ಲದಕ್ಕೂ ಬುಸ್.

ಇದರ ಜೀವ ಆ ಫ್ರಿಯಾನ್. ಅದನ್ನು 1928ರಲ್ಲಿ ಕಂಡುಹಿಡಿದ ತಂಡದ ನಾಯಕ ಥಾಮಸ್ ಮಿಜ್ಲಿ, ಪೆಟ್ರೋಲಿಗೆ ಸೀಸ ಬೆರೆಸಿದ ಪುಣ್ಯಾತ್ಮನೂ ಇವನೇ. ಫ್ರಿಜ್ಜಿಗೆ ಆಗ ಬಳಸುತ್ತಿದ್ದ ಅನಿಲಗಳು ಒಂದೋ ವಿಷ, ಇಲ್ಲವೇ ಹೊತ್ತಿಕೊಳ್ಳುವಂಥವು. ತನ್ನ ಅನಿಲ ಎರಡೂ ಅಲ್ಲ ಅಂತ ತೋರಿಸಲು 1930ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ಎದೆ ತುಂಬ ಎಳೆದುಕೊಂಡು, ಉರಿಯುವ ಮೊಂಬತ್ತಿಯ ಮೇಲೆ ಊದಿದ. ಮೊಂಬತ್ತಿ ಆರಿತು, ಅವನಿಗೆ ಏನೂ ಆಗಲಿಲ್ಲ. ಈ ಮೊಂಬತ್ತಿಯನ್ನು ನೆನಪಿಟ್ಟುಕೊಳ್ಳಿ, ಇನ್ನೊಂದು ಮೊಂಬತ್ತಿ ಮುಂದೆ ಬರುತ್ತದೆ.

ಅದೇ 1928ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಶಿಮ್ಲಾದಿಂದ ಪುಣೆಗೆ ಬಂತು. 1944ರಲ್ಲಿ ಮುಖ್ಯ ಕಚೇರಿ ದೆಹಲಿಗೆ ಹೋದರೂ ಶಿವಾಜಿನಗರದ ಆ ಕಲ್ಲಿನ ಕಟ್ಟಡದಲ್ಲಿ ಇಲಾಖೆಯ ದೊಡ್ಡ ಭಾಗ ಉಳಿಯಿತು, ಜನರ ಬಾಯಲ್ಲಿ 'ಸಿಮ್ಲಾ ಆಫೀಸ್' ಎಂಬ ಹೆಸರೂ ಉಳಿಯಿತು. ರಿಕ್ಷಾದವರಿಗೆ 'ಹವಾಮಾನ ಇಲಾಖೆ' ಅಂದರೆ ತಿಳಿಯದು, 'ಸಿಮ್ಲಾ ಆಫೀಸ್ ಚೌಕ' ಅಂದರೆ ತಿರುಗಿಸುತ್ತಾರೆ. ಮೊದಲ ವರ್ಷ ನಾನು ಇದು ಹಿಮಾಚಲ ಸರಕಾರದ ಸೇಬಿನ ಕಚೇರಿ ಅಂದುಕೊಂಡಿದ್ದೆ!

ಈ ಕಚೇರಿಗೆ 1948ರಲ್ಲಿ ಕೆಲಸಕ್ಕೆ ಬಂದವರು ಅಣ್ಣಾ ಮಣಿ. ಹೆಸರು ಕೇಳಿ ಗಂಡಸು ಅಂದುಕೊಳ್ಳಬೇಡಿ. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಹೆಣ್ಣುಮಗಳು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕನ್ನು ಅಭ್ಯಾಸ ಮಾಡಿದವರು. ಪ್ರಬಂಧ ಬರೆದು ಕೊಟ್ಟರೂ ಎಂ.ಎಸ್ಸಿ. ಇಲ್ಲ ಅನ್ನುವ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ. ಆಮೇಲೆ ಇಂಗ್ಲೆಂಡಿನಲ್ಲಿ ಹವಾಮಾನದ ಉಪಕರಣಗಳ ವಿದ್ಯೆ ಕಲಿತು ಬಂದು ಪುಣೆಯ ಉಪಕರಣ ವಿಭಾಗ ಸೇರಿದರು. ಅದುವರೆಗೆ ನಮ್ಮಲ್ಲಿ ಸಣ್ಣ ಉಪಕರಣಕ್ಕೂ ಹೊರದೇಶದ ದಾರಿ ಕಾಯಬೇಕಿತ್ತು. ಅಣ್ಣಾ ಮಣಿ ಅವನ್ನು ಇಲ್ಲೇ ಮಾಡಿಸಿದರು, ನಕ್ಷೆ ಬರೆಸಿದರು, ಒಂದಕ್ಕೊಂದು ತಾಳೆ ನೋಡಿಸಿದರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ದೇಶದಲ್ಲಿ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಎದ್ದು ನಿಂತಿತು. ಭಾರತದ ಬಿಸಿಲಿಗೆ ಅಂಕಿ ಸಿಕ್ಕಿದ್ದು ಹಾಗೆ. 1980ರ ದಶಕದ ಆರಂಭದಲ್ಲಿ ಅವರು ಹೊರತಂದ ಭಾರತದ ಸೌರಶಕ್ತಿ ಅಂಕಿಅಂಶಗಳ ದಪ್ಪ ಪುಸ್ತಕಗಳು ಸೋಲಾರ್ ಕೆಲಸದವರಿಗೆ ಕೈಪಿಡಿಯಾದವು.

1960ರ ದಶಕದಲ್ಲಿ ಅವರ ಗಮನ ಓಝೋನ್ ಕಡೆ ತಿರುಗಿತು. ಬಲೂನಿಗೆ ಕಟ್ಟಿ ಆಕಾಶಕ್ಕೆ ಬಿಟ್ಟರೆ ಎಷ್ಟೆತ್ತರದಲ್ಲಿ ಎಷ್ಟು ಓಝೋನ್ ಇದೆ ಎಂದು ರೇಡಿಯೋ ಮೂಲಕ ಹೇಳುವ ಪೆಟ್ಟಿಗೆಯನ್ನು ಅವರ ತಂಡ ತಯಾರಿಸಿತು. ಇಂಥ ಉಪಕರಣ ಸ್ವಂತವಾಗಿ ಮಾಡಿಕೊಂಡ ದೇಶಗಳು ಆಗ ಬೆರಳೆಣಿಕೆಯಷ್ಟು. ಮುಂದೆ ಭಾರತದ ಪೆಟ್ಟಿಗೆಗಳು ಅಂಟಾರ್ಕ್ಟಿಕಾದ ಆಕಾಶಕ್ಕೂ ಏರಿದವು. 1976ರಲ್ಲಿ ನಿವೃತ್ತರಾದ ಮೇಲೆ ಅಣ್ಣಾ ಮಣಿ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಇದ್ದರು. ಗಾಳಿ, ಬಿಸಿಲು ಅಳೆಯುವ ಉಪಕರಣಗಳ ಕೆಲಸವನ್ನೂ ಅಲ್ಲಿ ಮುಂದುವರಿಸಿದರು. ತೀರಿಕೊಂಡದ್ದು 2001ರಲ್ಲಿ. ಆ ಚೌಕದಲ್ಲಿ ಎಷ್ಟು ವರ್ಷ ಸಿಗ್ನಲ್ ಕಾಯುತ್ತ ನಿಂತಿದ್ದೇನೆ, ಒಳಗೆ ನಡೆದ ಈ ಕೆಲಸ ಗೊತ್ತೇ ಇರಲಿಲ್ಲ.

ಓಝೋನ್ ಯಾಕೆ ಮುಖ್ಯ ಅಂದರೆ ಅದೇ ಭೂಮಿಯ ಮೊದಲ ಸನ್‌ಸ್ಕ್ರೀನ್. ಇದ್ದದ್ದನ್ನೆಲ್ಲ ನೆಲಮಟ್ಟಕ್ಕೆ ತಂದು ಒತ್ತಿ ಹಾಸಿದರೆ ಮೂರು ಮಿಲಿಮೀಟರ್ ದಪ್ಪ, ನಮ್ಮ ಉಷ್ಣವಲಯದಲ್ಲಿ ಅಷ್ಟೂ ಇಲ್ಲ. ಆ ತೆಳು ಪೊರೆ ಅತಿನೇರಳೆ ಕಿರಣಗಳಲ್ಲಿ ಅತಿ ಅಪಾಯದ್ದನ್ನು ಪೂರ್ತಿ, ಅದಕ್ಕಿಂತ ಕಡಿಮೆಯದ್ದನ್ನು ಬಹುಪಾಲು ತಡೆಯುತ್ತದೆ. 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲಂಡ್ ಒಂದು ಲೇಖನ ಬರೆದರು. ಫ್ರಿಯಾನ್ ಜಾತಿಯ ಅನಿಲಗಳು ಯಾವುದಕ್ಕೂ ಕರಗದೆ ಮೇಲೆ ಮೇಲೆ ಹೋಗುತ್ತವೆ, ಅಲ್ಲಿ ಸೂರ್ಯನ ಕಿರಣಕ್ಕೆ ಒಡೆದು ಕ್ಲೋರಿನ್ ಬಿಡುತ್ತವೆ, ಒಂದೊಂದು ಕ್ಲೋರಿನ್ ಪರಮಾಣು ಓಝೋನಿನ ಸಾವಿರಾರು ಅಣುಗಳನ್ನು ಮುರಿಯುತ್ತದೆ ಅಂತ. ಆಗ ಈ ಅನಿಲಗಳ ದೊಡ್ಡ ಗಿರಾಕಿ ಯಾರು? ಸ್ಪ್ರೇ ಡಬ್ಬಿ. ಅದೇ 1974ರಲ್ಲೇ ಗ್ರೈಟರ್ ಎಸ್‌ಪಿಎಫ್ ತಂದದ್ದು. ಒಂದು ಕಡೆ ಬಿಸಿಲಿನಿಂದ ರಕ್ಷಣೆಗೆ ಅಳತೆಗೋಲು, ಇನ್ನೊಂದು ಕಡೆ ಇದ್ದ ರಕ್ಷಣೆಯನ್ನು ಡಬ್ಬಿಗಳೇ ಕೊರೆಯುತ್ತಿವೆ ಅನ್ನುವ ಸುದ್ದಿ!

ಕಂಪನಿಗಳು ಸಾಕಷ್ಟು ಜಗಳವಾಡಿದವು. 1978ರಲ್ಲಿ ಅಮೆರಿಕ ಸ್ಪ್ರೇಗಳಲ್ಲಿ ಈ ಅನಿಲ ನಿಲ್ಲಿಸಿತು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ರಂಧ್ರ ಕಂಡರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಸೇರಿ 2008ರ ಆಗಸ್ಟಿನಲ್ಲಿ ಉತ್ಪಾದನೆ ನಿಲ್ಲಿಸಿತು, ಉಬ್ಬಸದ ಇನ್‌ಹೇಲರಿಗೆ ಮಾತ್ರ ಸ್ವಲ್ಪ ಕಾಲ ವಿನಾಯಿತಿ. ನಮ್ಮ ಪುಣೆಯ ನೆತ್ತಿಯ ಮೇಲಿನ ಓಝೋನಿಗೆ ಅಂಥ ನಷ್ಟ ಆಗಿರಲಿಲ್ಲ, ಪೆಟ್ಟು ಬಿದ್ದದ್ದು ಧ್ರುವಗಳ ಕಡೆ. ಇದನ್ನು ಹೇಳಬೇಕು, ಯಾಕಂದರೆ ಸೆಖೆ ಹೆಚ್ಚಾದಾಗಲೆಲ್ಲ 'ಓಝೋನ್ ತೂತು' ಅಂತ ನಮ್ಮ ಸೊಸೈಟಿಯ ಕಟ್ಟೆಯ ಮೇಲೆ ಈಗಲೂ ಮಾತಾಡುತ್ತಾರೆ.

ಫ್ರಿಯಾನ್ ಹೋಯಿತು, ಡಬ್ಬಿ ಹೋಗಲಿಲ್ಲ. ಒಳಗಿನ ಅನಿಲ ಮಾತ್ರ ಬದಲಾಯಿತು. ಬದಲಿಗೆ ಬಂದದ್ದು ಬ್ಯುಟೇನ್, ಐಸೋಬ್ಯುಟೇನ್, ಪ್ರೊಪೇನ್. ಬೇರೆ ಮಾತಲ್ಲಿ ಹೇಳಬೇಕೆಂದರೆ ನಮ್ಮ ಅಡುಗೆ ಸಿಲಿಂಡರಿನ ಗ್ಯಾಸು. ಓಝೋನಿಗೆ ತೊಂದರೆಯಿಲ್ಲ, ಅಗ್ಗ, ಆದರೆ ಹೊತ್ತಿಕೊಳ್ಳುತ್ತದೆ. ಸ್ಪ್ರೇ ಸನ್‌ಸ್ಕ್ರೀನಿನಲ್ಲಿ ಬೇಗ ಆರಲಿ ಅಂತ ಆಲ್ಕೋಹಾಲ್ ಬೇರೆ ಸೇರುತ್ತದೆ. ಸಿಂಹಗಡದ ಆ ತಾಯಿ ಕೂಗಿದ್ದು ಸುಮ್ಮನೆ ಅಲ್ಲ.

2012ರ ಜೂನ್‌ನಲ್ಲಿ ಅಮೆರಿಕದ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು. ಸನ್‌ಸ್ಕ್ರೀನ್ ಸ್ಪ್ರೇ ಹೊಡೆದುಕೊಂಡ ಐದು ಜನರಿಗೆ ಬೇರೆ ಬೇರೆ ಕಡೆ ಮೈಗೆ ಬೆಂಕಿ ಹತ್ತಿ ಚಿಕಿತ್ಸೆ ಬೇಕಾಗಿತ್ತು. ಡಬ್ಬಿಗೇ ಬೆಂಕಿ ತಾಕಿದ್ದಲ್ಲ, ಹೊಡೆದುಕೊಂಡ ಮೇಲೆ ಮೈಮೇಲಿದ್ದದ್ದು ಹೊತ್ತಿದ್ದು! ಒಬ್ಬರು ಸಿಗರೇಟು ಹಚ್ಚಿದ್ದರು, ಒಬ್ಬರು ಮಾಂಸ ಸುಡುವ ಇದ್ದಿಲಿನ ಒಲೆಯ ಹತ್ತಿರ ಹೋಗಿದ್ದರು, ಒಬ್ಬರು ವೆಲ್ಡಿಂಗ್ ಮಾಡುತ್ತಿದ್ದರು, ಒಬ್ಬರು ಸೊಳ್ಳೆ ಓಡಿಸುವ ಮೊಂಬತ್ತಿಯ ಹತ್ತಿರ ನಿಂತಿದ್ದರು. ಮಿಜ್ಲಿಯ ಅನಿಲ ಆರಿಸಿದ್ದೂ ಮೊಂಬತ್ತಿಯನ್ನೇ. ಅದೇ ವರ್ಷ ಅಕ್ಟೋಬರಿನಲ್ಲಿ ಬನಾನಾ ಬೋಟ್ ಎಂಬ ಹೆಸರಿನ 23 ಬಗೆಯ ಸ್ಪ್ರೇಗಳನ್ನು ಕಂಪನಿ ಹಿಂದೆ ತೆಗೆದುಕೊಂಡಿತು, ಐದು ಲಕ್ಷಕ್ಕೂ ಹೆಚ್ಚು ಡಬ್ಬಿ. ಕವಾಟದಿಂದ ಅಗತ್ಯಕ್ಕಿಂತ ಹೆಚ್ಚು ಹೊರಬಂದು ಚರ್ಮದ ಮೇಲೆ ಆರಲು ತಡವಾಗುತ್ತಿತ್ತು ಅನ್ನುವುದು ಕಾರಣ.

ಒಂಬತ್ತು ವರ್ಷದ ನಂತರ ಇನ್ನೊಂದು. 2021ರ ಮೇ ತಿಂಗಳಲ್ಲಿ ವ್ಯಾಲಿಶ್ಯೂರ್ ಎಂಬ ಖಾಸಗಿ ಪ್ರಯೋಗಾಲಯ 294 ಬ್ಯಾಚಿನ ಸನ್‌ಸ್ಕ್ರೀನ್ ಮತ್ತು ಅಂಥ ವಸ್ತುಗಳನ್ನು ಪರೀಕ್ಷಿಸಿ 78ರಲ್ಲಿ ಬೆಂಜೀನ್ ಇದೆ ಅಂತ ಹೇಳಿತು. ಬೆಂಜೀನ್ ಅಂದರೆ ರಕ್ತದ ಕ್ಯಾನ್ಸರ್ ತರುತ್ತದೆಂದು ಗೊತ್ತಿರುವ ವಸ್ತು. ಅದನ್ನು ಯಾರೂ ಬೇಕಂತ ಹಾಕುವುದಿಲ್ಲ, ಪೆಟ್ರೋಲಿಯಂ ಮೂಲದ ಕಚ್ಚಾ ಸಾಮಗ್ರಿಯ ಜೊತೆ ಕಲಬೆರಕೆಯಾಗಿ ಬರುತ್ತದೆ. ಜುಲೈಯಲ್ಲಿ ಜಾನ್ಸನ್ ಅಂಡ್ ಜಾನ್ಸನ್ ತನ್ನ ನ್ಯೂಟ್ರೋಜಿನಾ, ಅವೀನೋ ಸ್ಪ್ರೇಗಳನ್ನು, ಆಮೇಲೆ ಕಾಪರ್‌ಟೋನ್ ಕಂಪನಿಯೂ ಕೆಲವು ಸ್ಪ್ರೇಗಳನ್ನು ಹಿಂದೆ ಪಡೆದವು. ಸಿಕ್ಕ ಪ್ರಮಾಣದಿಂದ ಆರೋಗ್ಯಕ್ಕೆ ಹಾನಿ ನಿರೀಕ್ಷೆಯಿಲ್ಲ, ಮುಂಜಾಗ್ರತೆಗೆ ಮಾತ್ರ ಅಂದಿತು ಜಾನ್ಸನ್ ಕಂಪನಿ. ಇರಬಹುದು. ಕೆಲವು ಲೋಷನ್‌ಗಳಲ್ಲೂ ಬೆಂಜೀನ್ ಸಿಕ್ಕಿತ್ತು, ಹಾಗಾಗಿ ಪೂರ್ತಿ ಡಬ್ಬಿಯದೇ ತಪ್ಪು ಅನ್ನುವ ಹಾಗಿಲ್ಲ. ಆದರೆ ಮುಂದಿನ ತಿಂಗಳುಗಳಲ್ಲಿ ಕಂಕುಳಿನ ಸ್ಪ್ರೇ, ಕೂದಲಿನ ಸ್ಪ್ರೇಗಳಲ್ಲೂ ಅದೇ ಬೆಂಜೀನ್ ಸಿಕ್ಕಾಗ ಬೆರಳು ತೋರಿಸಿದ್ದು ದೂಡುವ ಅನಿಲದ ಕಡೆಗೇ.

ಇಷ್ಟೆಲ್ಲ ಅಪಾಯದ ಮಾತಾಯಿತು. ಸ್ಪ್ರೇ ಕೆಲಸವನ್ನಾದರೂ ಮಾಡುತ್ತದೆಯೇ?

ಮಾಡುತ್ತದೆ, ಸಾಕಷ್ಟು ಬಿದ್ದರೆ. ಒಳಗಿರುವ ಔಷಧ ಕ್ರೀಮಿನಲ್ಲಿ ಇರುವ ಜಾತಿಯದೇ. ಪ್ರಶ್ನೆ ಎಷ್ಟು ಬೀಳುತ್ತದೆ ಅನ್ನುವುದು. ಎಸ್‌ಪಿಎಫ್ ಪರೀಕ್ಷೆ ಮಾಡುವಾಗ ಚರ್ಮದ ಒಂದು ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಂ ಹಚ್ಚುತ್ತಾರೆ. ಲೆಕ್ಕ ಹಾಕಿ, ದೊಡ್ಡವರ ಮೈ ಸುಮಾರು 17,000 ಚದರ ಸೆಂಟಿಮೀಟರ್, ಅಂದರೆ ಇಡೀ ಮೈಗೆ 34 ಗ್ರಾಂ. ಸುಮಾರು ಏಳು ಚಮಚೆಯಾಗುತ್ತದೆ ಸಣ್ಣ ಚಮಚೆಯಲ್ಲಿ ಅಳೆದರೆ! ಜನ ಹಚ್ಚಿಕೊಳ್ಳುವುದು ಅದರ ಕಾಲು ಭಾಗ, ಹೆಚ್ಚೆಂದರೆ ಅರ್ಧ. ಡಬ್ಬಿಯ ಮೇಲೆ 50 ಅಂತಿದ್ದರೂ ಮೈಮೇಲೆ ಇರುವುದು ಅದಕ್ಕಿಂತ ಎಷ್ಟೋ ಕಡಿಮೆ. ಕ್ರೀಮಾದರೆ ಕೈಗೆ ಜಿಡ್ಡಿನ ಲೆಕ್ಕ ಸಿಗುತ್ತದೆ. ಸ್ಪ್ರೇ ಬಣ್ಣವಿಲ್ಲದ ಮಂಜು, ಎಲ್ಲಿ ಬಿತ್ತು ಎಲ್ಲಿ ಬಿಟ್ಟಿತು ಅಂತ ತಿಳಿಯುವುದಿಲ್ಲ. ಗಾಳಿಯಿದ್ದರಂತೂ ದೊಡ್ಡ ಪಾಲು ಮೈ ಮುಟ್ಟುವುದೇ ಇಲ್ಲ. ಗಡದ ಮೇಲೆ ನಾವು ಕಣ್ಣಾರೆ ನೋಡಿದ್ದು ಅದನ್ನೇ. ಅದಕ್ಕೇ ನಾನು ಸ್ಕಾರ್ಫಿನ ಮಾತು ತೆಗೆದದ್ದು. 'ತಿಕ್ಕೂದು ಬ್ಯಾಡ' ಅನ್ನುವುದೇ ಇದರ ಜಾಹೀರಾತು, ಆದರೆ ತಿಕ್ಕದಿದ್ದರೆ ಇದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಮೈ ಮುಟ್ಟದ್ದು ಎಲ್ಲಿಗೆ ಹೋಯಿತು? ಸ್ವಲ್ಪ ನಮ್ಮ ಉಸಿರಿಗೆ. ಚರ್ಮಕ್ಕೆ ನಿರಪಾಯ ಅಂತ ಪರೀಕ್ಷಿಸಿದ್ದು ಪುಪ್ಪುಸಕ್ಕೂ ನಿರಪಾಯ ಅಂತ ಅರ್ಥವಲ್ಲ. ಟೈಟಾನಿಯಂ ಡಯಾಕ್ಸೈಡ್‌ನ ಪುಡಿಯನ್ನು ಉಸಿರಾಡಿದ ಇಲಿಗಳಲ್ಲಿ ಗೆಡ್ಡೆ ಕಂಡದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು 'ಮನುಷ್ಯನಿಗೂ ಕ್ಯಾನ್ಸರ್ ತರಬಹುದಾದ' ಪಟ್ಟಿಗೆ ಸೇರಿಸಿದೆ. ಹಚ್ಚಿಕೊಳ್ಳುವ ಕ್ರೀಮಿನ ಮಾತಲ್ಲ ಅದು, ಉಸಿರಿನ ಮಾತು. ಯುರೋಪಿನಲ್ಲಿ ಅದರ ಮತ್ತು ಸತುವಿನ ಭಸ್ಮದ ನ್ಯಾನೋ ಕಣಗಳನ್ನು ಪುಪ್ಪುಸಕ್ಕೆ ಹೋಗಬಹುದಾದ ಸ್ಪ್ರೇಗಳಲ್ಲಿ ಬಳಸಬಾರದೆಂದು 2016ರಿಂದ ನಿಯಮವಿದೆ. ಅಮೆರಿಕದ ಎಫ್‌ಡಿಎ 2011ರಲ್ಲೇ ಸ್ಪ್ರೇ ಬಗ್ಗೆ ಹೆಚ್ಚಿನ ಪುರಾವೆ ಕೇಳಿತು, 2019ರ ಪ್ರಸ್ತಾವದಲ್ಲಿ ಹನಿಯ ಗಾತ್ರ ಮತ್ತು ಬೆಂಕಿಯ ಪರೀಕ್ಷೆ ಪಾಸಾದರೆ ಸ್ಪ್ರೇ ಇರಬಹುದು ಅಂದಿತು. ಹನಿ ದಪ್ಪವಿದ್ದರೆ ಮೂಗಿನಲ್ಲೇ ನಿಲ್ಲುತ್ತದೆ, ಸಣ್ಣದಾದಷ್ಟೂ ಆಳಕ್ಕೆ ಇಳಿಯುತ್ತದೆ. ಅಲ್ಲಿ ಸನ್‌ಸ್ಕ್ರೀನ್ ಔಷಧ, ನಮ್ಮಲ್ಲಿ ಪೌಡರು ಸ್ನೋಗಳ ಸಾಲಿನಲ್ಲಿ ಅದು ಸೌಂದರ್ಯವರ್ಧಕ, 2020ರ ಕಾಸ್ಮೆಟಿಕ್ಸ್ ನಿಯಮಗಳ ಕೆಳಗೆ ಬರುತ್ತದೆ.

ಹಾಗಂತ ಸನ್‌ಸ್ಕ್ರೀನನ್ನೇ ಬಿಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಂದು ಚರ್ಮಕ್ಕೆ ಸ್ವಂತ ರಕ್ಷಣೆ ಇದೆ, ಚರ್ಮದ ಕ್ಯಾನ್ಸರ್ ನಮ್ಮಲ್ಲಿ ವಿರಳ. ಆದರೆ ಬಂಗು ಇರುವವರಿಗೆ, ತೊನ್ನು ಇರುವವರಿಗೆ, ಬಿಸಿಲಿಗೆ ಆಗದ ಔಷಧಿ ತೆಗೆದುಕೊಳ್ಳುವವರಿಗೆ ಅದು ಬೇಕೇ ಬೇಕು. ಇನ್ನೊಂದು ಮಗ್ಗುಲೂ ಇದೆ. ಇಲ್ಲಿಂದ ಇನ್ನೂರು ಕಿಲೋಮೀಟರ್ ದೂರದ ನಾಸಿಕದಲ್ಲಿ ಹಚಿನ್‌ಸನ್ ಮತ್ತು ಶಾ ಎಂಬ ಇಬ್ಬರು ವೈದ್ಯರು ನೂರು ವರ್ಷದ ಹಿಂದೆ ಒಂದು ವಿಚಿತ್ರ ಕಂಡರು. ಅನುಕೂಲಸ್ಥರ, ಪರದೆಯಲ್ಲಿ ಇಟ್ಟ ಕೂಸುಗಳಿಗೆ ಎಲುಬು ಬಾಗುವ ರಿಕೆಟ್ಸ್, ಹೊಲದಲ್ಲಿ ತಾಯಿಯ ಜೊತೆ ಬಿಸಿಲುಂಡು ಬೆಳೆದ ಬಡವರ ಕೂಸುಗಳಿಗೆ ಇಲ್ಲ. 1922ರಲ್ಲಿ ಅವರು ಅದನ್ನು ಪ್ರಕಟಿಸಿ, ಕೊರತೆ ಆಹಾರದ್ದಲ್ಲ, ಬಿಸಿಲು ಗಾಳಿಯದು ಅಂದರು. ನನ್ನ ಹೆಂಡತಿಗೆ ನಿವೃತ್ತಿಯ ಮುಂಚಿನ ವರ್ಷ ಕಾಲುನೋವಿಗೆ ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ ತೀರ ತಳದಲ್ಲಿತ್ತು. "ಇಷ್ಟು ಬಿಸಿಲಿನ ಊರಾಗ ನನಗ ಬಿಸಿಲು ಕಡಿಮಿ ಅಂತ?" ಅಂತ ಡಾಕ್ಟರ ಎದುರೇ ನಕ್ಕಳು. ಓಢಣಿ, ಕೈಗವಸು, ಆಮೇಲೆ ಇಡೀ ದಿನ ಆಫೀಸು. ಯಾವುದರದು ಎಷ್ಟು ಪಾಲು ಅಂತ ಯಾರು ಹೇಳಬೇಕು?

ನಮ್ಮಣ್ಣನ ಮಗಳಿಗೆ ಇದನ್ನೆಲ್ಲ ಹೇಳಿದೆ, ಇಷ್ಟು ಉದ್ದವಾಗಿ ಅಲ್ಲ. "ಮತ್ತ ಇದನ್ನ ಏನ್ ಮಾಡ್ಲಿ ಕಾಕಾ, ದುಡ್ಡಿನ ವಸ್ತು" ಅಂದಳು. ಮುಖಕ್ಕೆ ನೇರ ಹೊಡೆಯಬೇಡ, ಅಂಗೈಗೆ ಹೊಡೆದು ತಿಕ್ಕು, ಒಲೆ-ದೀಪದ ಹತ್ತಿರ ಬೇಡ, ಹುಡುಗನಿಗಂತೂ ಟ್ಯೂಬಿನದೇ ಇರಲಿ ಅಂದೆ. "ಅಂಗೈಗೇ ಹೊಡದು ತಿಕ್ಕೂದಾದ್ರ ಸ್ಪ್ರೇ ಯಾಕ ಬೇಕಿತ್ತು?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗ ಈಗ ಈಜಲು ಹೋಗುವಾಗ ತುಂಬು ತೋಳಿನ ಅಂಗಿ ಹಾಕುತ್ತಾನೆ, ಮೂಗಿಗೆ ಬಿಳಿ ಜಿಂಕ್ ಬಳಿದುಕೊಂಡು ಬೌಲಿಂಗ್ ಮಾಡುವವನಂತೆ ಓಡುತ್ತಾನೆ. ಡೊನಾಲ್ಡ್ ಯಾರು ಅಂತ ಅವನಿಗೆ ಗೊತ್ತಿಲ್ಲ.

ಡಬ್ಬಿ ನಮ್ಮ ಮನೆಯಲ್ಲೇ ಉಳಿಯಿತು. ಅವಧಿ ಮುಗಿದ ಮೇಲೆ ಒಂದು ದಿನ ಒಣ ಕಸದ ಜೊತೆ ಇಟ್ಟೆ. ಚುಚ್ಚಬಾರದು, ಸುಡಬಾರದು ಅಂತ ಅದರ ಮೇಲೆ ಇತ್ತಲ್ಲ, ಅದಕ್ಕೆ ಬೇರೆ ಚೀಲದಲ್ಲಿ ಹಾಕಿದ್ದೆ. ಕಸ ತೆಗೆದುಕೊಳ್ಳುವ ಮಾವಶಿ ಚೀಲ ಬಿಚ್ಚಿ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಇನ್ನೂ ಅರ್ಧ ಇತ್ತು. "ಖಾಲಿ ಮಾಡಿ ಕೊಡಿ ಕಾಕಾ" ಅಂತ ಮರಾಠಿಯಲ್ಲಿ ಹೇಳಿ ಹೊಸ್ತಿಲ ಮೇಲೆ ಇಟ್ಟು ಹೋದಳು.